‘ಬರುತ್ತಿದ್ದೆ’ ಎಂದರೆ ಯಾವ ಕಾಲ?

ನಮ್ಮ ತರಗತಿಯಲ್ಲಿ ಒಂದು ದಿನ ಗೆಳೆಯನೊಬ್ಬನು ಎದ್ದು ನಿಂತು, ತಾನು ಹಳ್ಳಿಯಿಂದ ಪ್ರತಿದಿನವೂ ನಡೆದು ಶಾಲೆಗೆ ಬರುತ್ತಿದ್ದ ಸಂಗತಿಯನ್ನು ಇಂಗ್ಲಿಷಿನಲ್ಲಿ ಹೇಳತೊಡಗಿದನು. ‘ಐ ವಾಸ್ ಕಮಿಂಗ್ ಡೈಲಿ’ ಎಂದೊಡನೆ ಹಿಂದಿನ ಸಾಲಿನಿಂದ ನಗೆ ಎದ್ದಿತು. ಅವನು ಕುಳಿತುಬಿಟ್ಟನು, ಆ ವರ್ಷವೆಲ್ಲ ಮತ್ತೆ ಇಂಗ್ಲಿಷಿನಲ್ಲಿ ಬಾಯಿ ತೆರೆಯಲಿಲ್ಲ. ನಕ್ಕವರಲ್ಲಿ ನಾನೂ ಒಬ್ಬನು. ಆ ನಗೆ ತಪ್ಪೆಂದು ಈಗ ಹೇಳಬಯಸುತ್ತೇನೆ.

ಅವನು ಮಾಡಿದ್ದಾದರೂ ಏನು? ಕನ್ನಡದ ನಿಯಮವನ್ನು ನಿಷ್ಠೆಯಿಂದ ಅನುಸರಿಸಿದನು. ‘ಅಪ್ಪ ಕಾಯಿ ಸುಲಿಯುತ್ತಿದ್ದಾಗ ವರ್ತಕರು ಬಂದರು’, ‘ಅಜ್ಜ ಪ್ರತಿ ವರ್ಷವೂ ಅಟ್ಟಕ್ಕೆ ಕಾಯಿ ತುಂಬುತ್ತಿದ್ದರು’ ಎಂಬೆರಡು ವಾಕ್ಯಗಳನ್ನು ನೋಡಿರಿ. ಮೊದಲನೆಯದು ಒಂದು ಗಳಿಗೆಯಲ್ಲಿ ನಡೆಯುತ್ತಿದ್ದ ಕೆಲಸ; ಎರಡನೆಯದು ವರ್ಷ ವರ್ಷದ ವಾಡಿಕೆ. ಕನ್ನಡವು ಎರಡಕ್ಕೂ ‘ಉತ್ತಿದ್ದ’ ರೂಪವನ್ನೇ ಬಳಸಿ, ಭೇದವನ್ನು ‘ಆಗ’, ‘ಪ್ರತಿ ವರ್ಷ’ ಎಂಬ ನೆರೆಯ ಪದಗಳಿಗೆ ಬಿಡುತ್ತದೆ. ಇಂಗ್ಲಿಷಾದರೋ ಭೇದವನ್ನು ಕ್ರಿಯಾಪದದಲ್ಲಿಯೇ ತೋರಿಸುತ್ತದೆ: ಮೊದಲನೆಯದಕ್ಕೆ ‘ವಾಸ್ ಹಸ್ಕಿಂಗ್’, ಎರಡನೆಯದಕ್ಕೆ ‘ಫಿಲ್ಡ್’ ಅಥವಾ ‘ಯೂಸ್ಡ್ ಟು ಫಿಲ್’. ಇನ್ನು ತಿಳಿದಿರುವುದು, ಹೊಂದಿರುವುದು ಮುಂತಾದ ಸ್ಥಿತಿಯನ್ನು ಹೇಳುವ ಕ್ರಿಯಾಪದಗಳಿಗೆ ಸಾಮಾನ್ಯವಾಗಿ ‘ಇಂಗ್’ ಸಲ್ಲದು. ನಮಗೆ ತೋಟವಿತ್ತು ಎನ್ನಲು ‘ಹ್ಯಾಡ್’ ಸಾಕು; ‘ವರ್ ಹ್ಯಾವಿಂಗ್’ ಬೇಡ.

ಇಷ್ಟನ್ನು ಕನ್ನಡದಲ್ಲಿ ಹೋಲಿಸಿ ಹೇಳಲು ಹತ್ತು ನಿಮಿಷ ಸಾಕು. ಆದರೆ ನಮಗೆ ದೊರೆತದ್ದು ಹನ್ನೆರಡು ಕಾಲಗಳ ಪಟ್ಟಿ ಮತ್ತು ಬಾಯಿಪಾಠ. ಇಂಗ್ಲಿಷ್ ತರಗತಿಯೊಳಗೆ ಕನ್ನಡ ಬಂದರೆ ವಿದ್ಯಾರ್ಥಿಯು ಎಂದಿಗೂ ಇಂಗ್ಲಿಷಿನಲ್ಲಿ ಯೋಚಿಸಲಾರನೆಂಬ ಆಕ್ಷೇಪವುಂಟು. ಕನ್ನಡವನ್ನು ಬಾಗಿಲ ಹೊರಗೆ ನಿಲ್ಲಿಸಿದರೂ ಅದು ನಮ್ಮ ವಾಕ್ಯದೊಳಗೆ ಬಂದೇ ಬರುತ್ತದೆ. ಕಳ್ಳದಾರಿಯಲ್ಲಿ ಬರುವುದಕ್ಕಿಂತ ಕರೆದು ಕೂರಿಸಿಕೊಳ್ಳುವುದೇ ಲೇಸಲ್ಲವೆ?

ನಮ್ಮ ನೆರೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಜನಿಸಿದ ತೀ. ನಂ. ಶ್ರೀಕಂಠಯ್ಯನವರು ‘ಕನ್ನಡ ಮಧ್ಯಮ ವ್ಯಾಕರಣ’ವನ್ನು ಬರೆದುಕೊಟ್ಟಿದ್ದಾರೆ. ಅಂತಹ ಪುಸ್ತಕವನ್ನು ಇಂಗ್ಲಿಷ್ ವ್ಯಾಕರಣದ ಪಕ್ಕದಲ್ಲಿ ತೆರೆದಿಟ್ಟುಕೊಂಡು ಪಾಠ ನಡೆಯಲಿ ಎಂಬುದು ಗುರುಗಳಲ್ಲಿ ನನ್ನ ಬಿನ್ನಹ. ಸಹಪಾಠಿಗಳಲ್ಲಿ ಇನ್ನೊಂದು ಮಾತು: ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ವರ್ಷದ ಹತ್ತಿರ ಬೇಕೆಂದು ಬಲ್ಲ ತಿಪಟೂರು ಸೀಮೆಯವರು ನಾವು, ಭಾಷೆ ಕಲಿಯುವವನ ವಿಷಯದಲ್ಲಿಯೂ ಅಷ್ಟು ತಾಳ್ಮೆಯನ್ನು ತೋರಬಾರದೆ?