ಹುಳು ಕಚ್ಚಿದ ಎಲೆಯ ಜೇನು ಪರಿಮಳ



ತೈವಾನಿನಲ್ಲಿ ದುಡಿಯುವ ಬಂಧುವೊಬ್ಬರು ಕಳೆದ ಬೇಸಿಗೆಯಲ್ಲಿ ರಜೆಗೆ ಬಂದಾಗ ಪುಟ್ಟದೊಂದು ತಗಡಿನ ಡಬ್ಬಿಯನ್ನು ನಮ್ಮ ಕೈಗಿಟ್ಟರು. ಒಳಗಿದ್ದುದು ಚಹಾ. ನಮ್ಮ ಅಡುಗೆಯವರು ವಾಡಿಕೆಯಂತೆ ಹಾಲು, ಸಕ್ಕರೆ ಬೆರೆಸಿ ಚೆನ್ನಾಗಿ ಕುದಿಸಿ ತಂದರು. ಕುಡಿದೆವು, ಸಪ್ಪೆಯೆನಿಸಿತು. ಇಷ್ಟು ದೂರದಿಂದ ಹೊತ್ತು ತಂದದ್ದು ಇದನ್ನೇ ಎಂದು ಮನಸ್ಸಿನಲ್ಲೇ ನಕ್ಕೆವು. ಮರುದಿನ ತಂದವರೇ ಬಂದು ಬರೀ ಬಿಸಿನೀರಿನಲ್ಲಿ ಮಾಡಿಕೊಟ್ಟಾಗ ಜೇನುಪೆಟ್ಟಿಗೆಯ ಮುಚ್ಚಳ ತೆಗೆದಂಥ ಪರಿಮಳ. "ಜೇನು ಹಾಕಿದ್ದೀರಾ?" ಎಂದು ಕೇಳಿಯೇಬಿಟ್ಟೆವು. ಒಂದು ಹನಿಯೂ ಹಾಕಿರಲಿಲ್ಲ. ಆ ಪರಿಮಳಕ್ಕೆ ಕಾರಣ ಒಂದು ಹುಳು ಎಂದು ತಿಳಿದಾಗ ನಮಗೆ ಇನ್ನೂ ಬೆರಗಾಯಿತು.

ಇದು ಊಲಾಂಗ್ ಜಾತಿಯ ಚಹಾ. ಹಸಿರು ಚಹಾಕ್ಕೂ ನಾವು ದಿನವೂ ಕುಡಿಯುವ ಕಪ್ಪು ಚಹಾಕ್ಕೂ ನಡುವಿನದು. ತೈವಾನಿನ ವಾಯವ್ಯ ಭಾಗದಲ್ಲಿ ಶಿಂಚು ಮತ್ತು ಮಿಯಾವೊಲಿ ಎಂಬ ಜಿಲ್ಲೆಗಳಿವೆ. ಅಲ್ಲಿನ ತಗ್ಗು ಗುಡ್ಡಗಳಲ್ಲಿ, ಹೆಚ್ಚಾಗಿ ಹಕ್ಕಾ ಜನರ ಹಳ್ಳಿಗಳಲ್ಲಿ, ಇದನ್ನು ಮಾಡುತ್ತಾರೆ. ಬೇಪು, ಎಮೇ ಎಂಬ ಊರುಗಳು ಇದಕ್ಕೆ ಹೆಸರುವಾಸಿ. ಅಂಗಡಿಯಲ್ಲಿ ಇದರ ಹೆಸರು 'ಪೂರ್ವದ ಸುಂದರಿ'. ಇಂಗ್ಲೆಂಡಿನ ರಾಣಿಯೇ ಆ ಹೆಸರಿಟ್ಟಳಂತೆ. ಒಬ್ಬರು ವಿಕ್ಟೋರಿಯಾ ಎನ್ನುತ್ತಾರೆ, ಇನ್ನೊಬ್ಬರು ಎಲಿಜಬೆತ್ ಎನ್ನುತ್ತಾರೆ. ಇಬ್ಬರ ನಡುವೆ ಅರ್ಧ ಶತಮಾನದ ಅಂತರ. ಆದ್ದರಿಂದ ನಾವು ಆ ಕತೆಯನ್ನು ಬದಿಗಿಡುತ್ತೇವೆ.

ಊರವರು ಇಟ್ಟ ಹೆಸರೇ ನಮಗೆ ಹೆಚ್ಚು ಹಿಡಿಸಿತು: 'ಬಡಾಯಿ ಚಹಾ'. ರೈತನೊಬ್ಬನ ತೋಟಕ್ಕೆ ಹುಳು ಬಿತ್ತಂತೆ. ಬಿಸಾಡಲು ಮನಸ್ಸು ಬಾರದೆ ಅದೇ ಎಲೆಯಿಂದ ಚಹಾ ಮಾಡಿ ಪೇಟೆಗೆ ಒಯ್ದ, ಎಂದೂ ಕಾಣದ ಬೆಲೆಗೆ ಮಾರಿ ಬಂದ. ಊರಲ್ಲಿ ಹೇಳಿದರೆ ಯಾರೂ ನಂಬಲಿಲ್ಲ, ಬಡಾಯಿ ಕೊಚ್ಚುತ್ತಾನೆ ಎಂದರು. ಕತೆ ಎಷ್ಟು ನಿಜವೋ, ಹುಳುವಂತೂ ನಿಜ.

ಅದು ಹಸಿರು ಜಿಗಿಹುಳು. ಉದ್ದ ಸುಮಾರು 3 ಮಿಲಿಮೀಟರ್. ಇದರ ನೆಂಟರನ್ನು ಭತ್ತ, ಹತ್ತಿ ಬೆಳೆಯುವ ನಮ್ಮವರು ಚೆನ್ನಾಗಿ ಬಲ್ಲರು, ಶಪಿಸಿಯೂ ಇದ್ದಾರೆ. ಎಳೆಯ ಚಿಗುರಿಗೆ ಸೂಜಿಯಂಥ ಬಾಯಿ ಚುಚ್ಚಿ ರಸ ಹೀರುತ್ತದೆ. ಚಿಗುರು ಹಳದಿಯಾಗಿ, ಅಂಚು ಕಂದಾಗಿ, ಬೆಳವಣಿಗೆ ಕುಂಠಿತವಾಗುತ್ತದೆ. ಆದರೆ ಗಿಡ ಸುಮ್ಮನಿರುವುದಿಲ್ಲ. ಗಾಯಕ್ಕೆ ಉತ್ತರವಾಗಿ ಎಲೆಯೊಳಗೆ ಸುವಾಸನೆಯ ದ್ರವ್ಯಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಅವುಗಳಲ್ಲೊಂದು ಒಲೆಯ ಬಿಸಿ ತಾಗಿದಾಗ ಹೋಟ್ರಿಯೆನಾಲ್ ಎಂಬುದಾಗಿ ಮಾರ್ಪಡುತ್ತದೆ. ಈ ಹೋಟ್ರಿಯೆನಾಲ್ ಕೆಲವು ಬಗೆಯ ಜೇನುತುಪ್ಪದಲ್ಲೂ ಇದೆ. ಹಾಗಾದರೆ ನಮ್ಮ ಮೂಗು ಅಂದು ತಪ್ಪು ಹೇಳಿರಲಿಲ್ಲ!

ಹುಳು ಬರುವುದು ಸೆಕೆಗಾಲದಲ್ಲಿ, ಜೂನ್–ಜುಲೈ ತಿಂಗಳುಗಳಲ್ಲಿ. ಉಳಿದ ಚಹಾಗಳಿಗೆ ಅದು ಒಳ್ಳೆಯ ಕಾಲವಲ್ಲ. ಬೇಸಿಗೆಯ ಎಲೆ ಒಗರು, ಬೆಲೆಯೂ ಕಡಿಮೆ. ಇಲ್ಲಿ ಮಾತ್ರ ಅದೇ ಎಲೆಗೆ ಮರ್ಯಾದೆ. ಆದರೆ ಹುಳು ಬೇಕಾದರೆ ಔಷಧಿ ಹೊಡೆಯುವಂತಿಲ್ಲ. ಹೊಡೆಯದಿದ್ದರೆ ಫಸಲು ಕುಸಿಯುತ್ತದೆ. ಹುಳು ಕಡಿಮೆ ಬಂದರೆ ಪರಿಮಳವಿಲ್ಲ, ಮಿತಿಮೀರಿದರೆ ಕೊಯ್ಯಲು ಚಿಗುರೇ ಇಲ್ಲ. ವರ್ಷದ ಸಂಪಾದನೆಯನ್ನು ಹೀಗೆ ಒಂದು ಕೀಟದ ಮರ್ಜಿಗೆ ಬಿಟ್ಟು ಕೂರುವುದಕ್ಕೆ ಎಷ್ಟು ಎದೆಗಾರಿಕೆ ಬೇಕು ಎಂಬುದು ಹೊಲ ಮಾಡಿದವರಿಗೆ ಗೊತ್ತು.

ಕೊಯ್ಲು ಕೈಯಿಂದಲೇ: ಒಂದು ಮೊಗ್ಗು, ಜತೆಗೆ ಒಂದೆರಡು ಎಳೆ ಎಲೆ. 600 ಗ್ರಾಂ ಚಹಾಕ್ಕೆ ಸುಮಾರು ಮೂರು–ನಾಲ್ಕು ಸಾವಿರ ಚಿಗುರು ಬೇಕಂತೆ. ಅವನ್ನು ಬಿಸಿಲಲ್ಲಿ ಬಾಡಿಸಿ, ಬಿದಿರ ತಟ್ಟೆಗಳಲ್ಲಿ ಹರವಿ, ಒಳಗಿಟ್ಟು ಆಗಾಗ ಮೆಲ್ಲಗೆ ಕದಡುತ್ತಾರೆ. ಅಂಚುಗಳು ಜಜ್ಜಿ, ಗಾಳಿ ತಾಗಿ, ಎಲೆ ಕೆಂಪಗಾಗುತ್ತದೆ. ನಮ್ಮ ಫ್ಯಾಕ್ಟರಿಗಳಲ್ಲಿ 'ಫರ್ಮೆಂಟಿಂಗ್' ಅನ್ನುವುದು ಇದನ್ನೇ. ಹೆಚ್ಚಿನ ಊಲಾಂಗ್‌ಗಳಲ್ಲಿ ಇದನ್ನು ಬೇಗ ನಿಲ್ಲಿಸಿದರೆ, ಇಲ್ಲಿ ಶೇಕಡಾ 60ರಿಂದ 70ರವರೆಗೂ ಬಿಡುತ್ತಾರೆ. ಆಮೇಲೆ ಬಾಣಲೆಯಲ್ಲಿ ಹುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಇಡುತ್ತಾರೆ. ಎಳೆ ಚಿಗುರು ಪುಡಿಯಾಗದೆ ಹೊಸೆಯಲು ಬರಲಿ ಎಂದು ಈ ಉಪಾಯ. ಕೊನೆಗೆ ಹೊಸೆದು ಒಣಗಿಸಿದರೆ ಬಿಳಿ, ಹಸಿರು, ಹಳದಿ, ಕೆಂಪು, ಕಂದು, ಹೀಗೆ ಐದು ಬಣ್ಣ ಬೆರೆತ ಚಹಾ ಸಿದ್ಧ.

ತೈವಾನಿನಲ್ಲೇ ಇನ್ನೊಂದು ಜೇನು ಪರಿಮಳದ ಊಲಾಂಗ್ ಇದೆ. 1999ರ ಸೆಪ್ಟೆಂಬರ್ 21ರಂದು ಅಲ್ಲಿ ಭೀಕರ ಭೂಕಂಪವಾಗಿ 2,400ಕ್ಕೂ ಹೆಚ್ಚು ಜನ ಸತ್ತರು. ಲುಗು ಎಂಬ ಊರಿನ ತೋಟಗಳನ್ನು ನೋಡುವವರಿಲ್ಲದೆ ಹುಳು ಹತ್ತಿತು. ಹಿಂದಿರುಗಿದ ರೈತರು ಆ ಎಲೆಯನ್ನೇ ಚಹಾ ಮಾಡಿದಾಗ ಹೊಸ ಬಗೆಯೊಂದು ಸಿಕ್ಕಿತು ಎಂದು ಅಲ್ಲಿಯವರು ಹೇಳುತ್ತಾರೆ.

ನಮ್ಮ ದೇಶಕ್ಕೂ ಇದು ತೀರ ಹೊಸತಲ್ಲ. ಡಾರ್ಜಿಲಿಂಗಿನ ಬೇಸಿಗೆಯ ಎರಡನೆಯ ಕೊಯ್ಲಿಗಿರುವ ದ್ರಾಕ್ಷಿಯಂಥ ಕಂಪಿನಲ್ಲೂ ಜಿಗಿಹುಳುವಿನ ಪಾಲಿದೆ. ಇದನ್ನೋದಿ ನೀಲಗಿರಿಯ ನಮ್ಮ ಬಂಧುಗಳು ನಾಳೆಯೇ ಔಷಧಿ ನಿಲ್ಲಿಸಬೇಡಿ! ನಿಮ್ಮ ತೋಟಕ್ಕೆ ಬರುವ ಟೀ ಸೊಳ್ಳೆ ಬೇರೆಯೇ ಕೀಟ, ಅದು ಕೊಡುವುದು ನಷ್ಟವನ್ನೇ. ಮೇಲಾಗಿ ಸಣ್ಣ ಬೆಳೆಗಾರರ ಹಸಿರೆಲೆ ಕಿಲೋ ಲೆಕ್ಕದಲ್ಲಿ ತೂಗಿ, ಹತ್ತು ತೋಟದ ಎಲೆಯೊಡನೆ ಬೆರೆತು ಫ್ಯಾಕ್ಟರಿಗೆ ಹೋಗುತ್ತದೆ. ಅಲ್ಲಿ ಒಬ್ಬನ ಎಲೆಯ ಪರಿಮಳಕ್ಕೆ ಬೇರೆ ಬೆಲೆ ಕಟ್ಟುವವರು ಯಾರು? ಬೇಪುವಿನ ರೈತ ತನ್ನ ಚಹಾವನ್ನು ತಾನೇ ಮಾಡಿ ತಾನೇ ಮಾರಿದ. ಕತೆಯ ಆ ಭಾಗ ನಮಗೆ ಹುಳುವಿನಷ್ಟೇ ಮುಖ್ಯವಾಗಿ ಕಂಡಿತು.

ಯಾರಿಗಾದರೂ ಈ ಚಹಾ ಸಿಕ್ಕಿದರೆ: ಕುದಿ ಇಳಿದ ನೀರು ಒಂದು ಲೋಟ, ಒಂದು ಚಮಚ ಎಲೆ, ಎರಡು ಮೂರು ನಿಮಿಷ. ಅದೇ ಎಲೆಗೆ ಮತ್ತೆ ಮೂರು ಸಲ ನೀರು ಹಾಕಬಹುದು. ನಮ್ಮ ಡಬ್ಬಿಯಲ್ಲಿ ಇನ್ನು ನಾಲ್ಕೈದು ಚಮಚ ಉಳಿದಿದೆ. ಅಡುಗೆಯವರಿಗೆ ಹಾಲು ಬೇಡವೆಂದು ಹೇಳಿಟ್ಟಿದ್ದೇವೆ. ಅವರಿಗಿನ್ನೂ ನಂಬಿಕೆ ಬಂದಿಲ್ಲ.