ಔಷಧದ ಯಂತ್ರ ಯಾರ ಕೈಗೆ?

ಸನ್ನತಿಯ ಚಂದ್ರಲಾಂಬಾ ಗುಡಿಯಲ್ಲಿ ಅಶೋಕನ ಶಾಸನ ದೊರೆತುದನ್ನು ನಮ್ಮ ಜಿಲ್ಲೆಯವರು ಬಲ್ಲರು. ಅದೇ ಅರಸನು ಬೇರೊಂದು ಶಾಸನದಲ್ಲಿ, ಮನುಷ್ಯರಿಗೂ ದನಕರುಗಳಿಗೂ ಬೇಕಾದ ಮದ್ದಿನ ಗಿಡಗಳು ಎಲ್ಲೆಲ್ಲಿ ಇಲ್ಲವೋ ಅಲ್ಲಲ್ಲಿಗೆ ತರಿಸಿ ನೆಡಿಸಿದುದಾಗಿ ಹೇಳಿದ್ದಾನೆ. ಮದ್ದು ರೋಗಿಯ ಹತ್ತಿರವೇ ಬೆಳೆಯಬೇಕೆಂಬ ಮಾತು ಅಷ್ಟು ಹಳೆಯದು. ಅದನ್ನು ಸಾಧಿಸಬಲ್ಲ ಯಂತ್ರ ಈಗ ಪ್ರಯೋಗಶಾಲೆಯಲ್ಲಿ ಸಿದ್ಧವಾಗಿದೆ.

2018ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಕ್ರಿಸ್ಟೋಫರ್ ಲವ್ ಮತ್ತು ಸಂಗಡಿಗರು ಮೇಜಿನ ಮೇಲೆ ಕೂಡುವಷ್ಟು ಚಿಕ್ಕದಾದ ಔಷಧ ಕಾರ್ಖಾನೆಯನ್ನು ಮಾಡಿ ತೋರಿಸಿದರು. ವಾಡಿಯ ಸಿಮೆಂಟ್ ಗೂಡಿಗೆ ಒಂದು ತುದಿಯಿಂದ ಕಲ್ಲಿನ ಪುಡಿ ಹೋಗುತ್ತಲೇ ಇರುತ್ತದೆ, ಇನ್ನೊಂದು ತುದಿಯಿಂದ ಕ್ಲಿಂಕರ್ ಬೀಳುತ್ತಲೇ ಇರುತ್ತದೆ. ಇದೂ ಹಾಗೆಯೇ. ಮೊದಲ ಪಾತ್ರೆಯಲ್ಲಿ ಪಿಕಿಯಾ ಎಂಬ ಯೀಸ್ಟ್ ಔಷಧದ ಪ್ರೋಟೀನನ್ನು ತಯಾರಿಸುತ್ತದೆ. ಎರಡನೆಯ ಭಾಗ ಅದನ್ನು ಶುದ್ಧಿಗೊಳಿಸುತ್ತದೆ. ಮೂರನೆಯದು ಚುಚ್ಚುಮದ್ದಿನ ಹದಕ್ಕೆ ತರುತ್ತದೆ. ಸುಮಾರು ಮೂರು ದಿನಗಳಲ್ಲಿ ನೂರಾರು, ಸಾವಿರಾರು ಡೋಸುಗಳು ಸಿಗುತ್ತವೆ. ಕ್ಯಾನ್ಸರ್ ಚಿಕಿತ್ಸೆಯಿಂದ ಬಿಳಿ ರಕ್ತಕಣ ಕುಸಿದವರಿಗೆ ಕೊಡುವ ಜಿ-ಸಿ.ಎಸ್.ಎಫ್. ಹೀಗೆ ತಯಾರಾದ ಮೂರು ಔಷಧಗಳಲ್ಲೊಂದು.

ಈ ಯೀಸ್ಟ್ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಬಯೋಕಾನ್ 2004ರಲ್ಲಿ ಪಿಕಿಯಾದಿಂದಲೇ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂದಿತು. ವಿದ್ಯೆ ಬೆಂಗಳೂರಿನಲ್ಲಿ ಉಳಿಯಿತು. ಸೇಡಂ, ಚಿಂಚೋಳಿಗಳಿಗೆ ಸೀಸೆ ಮಾತ್ರ ಬಂದಿತು. ಇಂಥ ಔಷಧಗಳ ದಾಸ್ತಾನು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕರೆಂಟು ಹೋದರೆ ಸಣ್ಣ ಅಂಗಡಿಕಾರರ ಬಂಡವಾಳ ಫ್ರಿಜ್ಜಿನಲ್ಲೇ ಕೆಡುತ್ತದೆ. ರೋಗಿಯ ಪಾಡನ್ನಂತೂ ಹೇಳುವಂತಿಲ್ಲ.

ತಾನೇ ನಡೆಯುವ ಯಂತ್ರವೆಂದರೆ ಗಿರಣಿಯ ಗೆಳೆಯರು ಅಂಜುವುದು ಸಹಜ. ಆದರೆ ಸೀಸೆಯನ್ನೇ ಹೊರಗಿನಿಂದ ತರಿಸುವ ಊರಿನಲ್ಲಿ ಇದು ಯಾರ ಅನ್ನವನ್ನು ಕಸಿದೀತು? ಇದು ಹಿಟ್ಟಿನ ಗಿರಣಿಯಂತೆ ಗುಂಡಿ ಒತ್ತಿ ಬಿಡುವಂಥದೂ ಅಲ್ಲ. ಪ್ರತಿಯೊಂದು ತಯಾರಿಕೆಯನ್ನೂ ಪರೀಕ್ಷಿಸಬೇಕು, ಸೋಂಕಿಲ್ಲದಂತೆ ಸೀಸೆ ತುಂಬಬೇಕು, ಔಷಧ ನಿಯಂತ್ರಕರ ಪರವಾನಗಿ ಬೇಕು. ಇದಕ್ಕೆಲ್ಲ ಕಲಿತ ಕೈಗಳು ಬೇಕು. ಆ ಕೈಗಳು ನಮ್ಮ ಮಕ್ಕಳದಾಗಲಿ.

ಭಯಪಡಬೇಕಾದುದು ಒಡೆತನದ ವಿಷಯದಲ್ಲಿ. ಪೇಟೆಂಟು ಹಿಡಿದ ಕಂಪನಿಯ ಕೈಯಲ್ಲೇ ಯಂತ್ರ ಉಳಿದರೆ ದೂರ ಕಡಿಮೆಯಾದೀತು, ದರ ಇಳಿಯದು.

ಕೂಲಿಯ ನೂರು ರೂಪಾಯಿಗೆ ಕಾರ್ಮಿಕರು 75 ಪೈಸೆಯನ್ನೂ ಮಾಲೀಕರು 3 ರೂಪಾಯಿ 25 ಪೈಸೆಯನ್ನೂ ಇ.ಎಸ್.ಐ.ಗೆ ಕಟ್ಟುತ್ತಾರೆ. ಕಲಬುರಗಿಯಲ್ಲಿ ಇ.ಎಸ್.ಐ. ವೈದ್ಯಕೀಯ ಕಾಲೇಜಿದೆ. 1981ರಲ್ಲಿ ಸಾರ್ವಜನಿಕ ರಂಗದಲ್ಲಿ ಸ್ಥಾಪಿತವಾದ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಬೆಂಗಳೂರಿನಲ್ಲಿದೆ. ಇವೆರಡೂ ಕೂಡಿ ಇಂಥದೊಂದು ಯಂತ್ರವನ್ನು ಕಲಬುರಗಿಯಲ್ಲಿ ಪರೀಕ್ಷೆಗಾಗಿ ನಿಲ್ಲಿಸಲಿ. ತಗಲಿದ ಖರ್ಚನ್ನೂ ಒಂದು ಡೋಸಿಗೆ ಬಿದ್ದ ಬೆಲೆಯನ್ನೂ ಜನರ ಮುಂದಿಡಲಿ. ಯೂನಿಯನ್ನುಗಳೂ ವರ್ತಕರ ಸಂಘಗಳೂ ಈ ಬೇಡಿಕೆಯನ್ನು ಠರಾವು ಮಾಡಿ ಸರ್ಕಾರಕ್ಕೆ ಕಳುಹಿಸಬೇಕೆಂದು ನಾವು ಕೋರುತ್ತೇವೆ.