ಕೂಲಿ ಕೊಡುವ ಕೈಯೇ ತಕ್ಕಡಿ ಹಿಡಿದಾಗ

ಊರಿಗೆ ಒಂದೇ ಅಂಗಡಿ. ಆ ಅಂಗಡಿಯ ಧಣಿಯೇ ನಿಮಗೆ ಕೂಲಿ ಕೊಡುವವನು. ನೀವಿರುವ ಮನೆ ಅವನದು, ನೀವು ಕತ್ತರಿಸುವ ಉಣ್ಣೆ ಅವನದು, ಸಾಮಾನು ತರುವ ಹಡಗೂ ಅವನದೇ. ಇದು ಕಟ್ಟುಕತೆಯಲ್ಲ. ದಕ್ಷಿಣ ಅಟ್ಲಾಂಟಿಕ್ ಸಾಗರದ ಫಾಕ್‌ಲಂಡ್ ದ್ವೀಪಗಳಲ್ಲಿ ಕುರಿ ಕಾಯುವ ಜನ ನೂರು ವರ್ಷಕ್ಕೂ ಮಿಕ್ಕಿ ಹೀಗೆಯೇ ಬಾಳಿದರು. 1982ರ ಯುದ್ಧದಿಂದ ಆ ದ್ವೀಪಗಳ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಬಾವುಟ ಬ್ರಿಟನ್ನಿನದೋ ಅರ್ಜೆಂಟೀನದ್ದೋ ಎಂದು ಎರಡೂ ಕಡೆಯವರು ಗಂಟಲು ಹರಿದುಕೊಂಡರು. ಬಾವುಟದ ಕೆಳಗಿನ ಅಂಗಡಿ ಯಾರದೆಂದು ಕೇಳಿದವರು ಎಷ್ಟು ಮಂದಿ?

ಅಂಗಡಿ ಕಂಪನಿಯದು. ಮಾಂಟೆವಿಡಿಯೊದಲ್ಲಿ ವ್ಯಾಪಾರ ಮಾಡುತ್ತಿದ್ದ ಸ್ಯಾಮ್ಯುಯೆಲ್ ಲಫೋನ್ ಎಂಬ ಇಂಗ್ಲಿಷ್ ವರ್ತಕ 1846ರಲ್ಲಿ ಪೂರ್ವ ದ್ವೀಪದ ದಕ್ಷಿಣ ಭಾಗವನ್ನೂ ಅಲ್ಲಿನ ಕಾಡುದನಗಳ ಹಕ್ಕನ್ನೂ ಸರಕಾರದಿಂದ ಕೊಂಡ. ಆ ನೆಲಕ್ಕೆ ಇವತ್ತಿಗೂ ಅವನ ಹೆಸರೇ: ಲಫೋನಿಯಾ. ಅವನ ವ್ಯವಹಾರವನ್ನು ವಹಿಸಿಕೊಳ್ಳಲು ಲಂಡನ್ನಿನಲ್ಲಿ ಫಾಕ್‌ಲಂಡ್ ಐಲಂಡ್ಸ್ ಕಂಪನಿ ಹುಟ್ಟಿತು. 1852ರಲ್ಲಿ ರಾಣಿಯ ಸನದು ಸಿಕ್ಕಿತು. ಮುಂದಿನ ದಶಕಗಳಲ್ಲಿ ದನ ಹೋಗಿ ಕುರಿ ಬಂತು. ಈಸ್ಟ್ ಇಂಡಿಯಾ ಕಂಪನಿಯ ಸನದಿನ ಸುಖವನ್ನು ಉಂಡ ನಮಗೆ ಈ ಕತೆಯ ಆರಂಭವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕುರಿಗಾರನ ಲೆಕ್ಕ ನಡೆಯುತ್ತಿದ್ದ ಬಗೆ ನೋಡಿ. ತಿಂಗಳ ಕೂಲಿ ಅವನ ಕೈಗೆ ಬರುತ್ತಿರಲಿಲ್ಲ, ಪುಸ್ತಕಕ್ಕೆ ಹೋಗುತ್ತಿತ್ತು. ಹಿಟ್ಟು, ಸಕ್ಕರೆ, ಚಹಾ, ಹೊಗೆಸೊಪ್ಪು, ಬೂಟು ಎಲ್ಲವನ್ನೂ ಅದೇ ಜಮೀನಿನ ಉಗ್ರಾಣದಿಂದ ತರಬೇಕು; ಅದರ ಬೆಲೆಯೂ ಅದೇ ಪುಸ್ತಕಕ್ಕೆ. ಮಿಕ್ಕದ್ದು ಕಂಪನಿಯ ಬಳಿಯೇ ಠೇವಣಿ. ರಾಜಧಾನಿ ಸ್ಟ್ಯಾನ್ಲಿಯಲ್ಲಿ ಸರಕಾರದ ಉಳಿತಾಯ ಬ್ಯಾಂಕು ಇತ್ತಾದರೂ ವಾಣಿಜ್ಯ ಬ್ಯಾಂಕೊಂದು ಬಾಗಿಲು ತೆರೆದದ್ದು 1983ರಲ್ಲಿ, ಯುದ್ಧ ಮುಗಿದ ಮೇಲೆ! ಅಲ್ಲಿಯವರೆಗೆ ಕೂಲಿ ಕೊಡುವವ, ಸಾಮಾನು ಮಾರುವವ, ಹಣ ಇಟ್ಟುಕೊಳ್ಳುವವ, ಮೂವರೂ ಒಬ್ಬನೇ. ಒಂದು ಕಿಸೆಯಿಂದ ತೆಗೆದು ಇನ್ನೊಂದು ಕಿಸೆಗೆ ಹಾಕಿಕೊಳ್ಳುವುದಕ್ಕೆ ಸಂಬಳವೆಂದು ಹೆಸರು.

ಬ್ರಿಟನ್ನಿನ ಗಣಿ, ನೇಯ್ಗೆ, ಕಬ್ಬಿಣದ ಕಾರ್ಮಿಕರು ಹೋರಾಡಿ 1831ರಲ್ಲೇ ಕೂಲಿಗೆ ಬದಲು ಸಾಮಾನು ಕೊಡಬಾರದೆಂಬ ಕಾಯಿದೆ ಮಾಡಿಸಿದ್ದರು. ನಮ್ಮ ಗಿರಣಿ ಕಾರ್ಮಿಕರಿಗೂ 1936ರ ವೇತನ ಪಾವತಿ ಕಾಯಿದೆ ಗೊತ್ತು; ಕೂಲಿಯನ್ನು ಚಲಾವಣೆಯ ನಾಣ್ಯ ಇಲ್ಲವೆ ನೋಟಿನಲ್ಲಿಯೇ ಕೊಡಬೇಕೆಂದು ಅದು ವಿಧಿಸಿತು. ರೊಕ್ಕ ಕೈಯಲ್ಲಿದ್ದರೆ ಈ ಅಂಗಡಿ ಬಿಟ್ಟು ಆ ಅಂಗಡಿಗೆ ಹೋಗಬಹುದು. ಪುಸ್ತಕದಲ್ಲಿದ್ದರೆ ಹೋಗುವುದೆಲ್ಲಿಗೆ?

ಕಂಪನಿಯ ವಕೀಲರ ವಾದವೂ ಇದೆ. ಮನೆ ಬಿಟ್ಟಿ, ಉರಿಸಲು ಜೌಗುನೆಲದ ಪೀಟ್ ಬಿಟ್ಟಿ, ಕುರಿಮಾಂಸ ಬಿಟ್ಟಿ, ಮತ್ತೇನು ಬೇಕು ಎನ್ನುತ್ತಾರೆ. ಆ ಮಾಂಸಕ್ಕೆ ದ್ವೀಪದ ಜನ ಇಟ್ಟ ಹೆಸರು ‘365’. ವರ್ಷದ ಅಷ್ಟೂ ದಿನ ಅದೇ ಊಟ! ಇನ್ನು ಬಿಟ್ಟಿ ಮನೆ. ಕೆಲಸ ಬಿಟ್ಟವನು ಮನೆಯನ್ನೂ ಬಿಡಬೇಕು. ಮುದುಕನಾಗಿ ನಿವೃತ್ತನಾದವನೂ ಬಿಡಬೇಕು. ಗಿರಣಿಯ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವರಿಗೆ ಈ ಬಿಟ್ಟಿಯ ಬೆಲೆ ತಿಳಿದೀತು. ಅಷ್ಟು ದೂರದ ದ್ವೀಪಕ್ಕೆ ಹಡಗು ಕಳಿಸುವುದು ದುಬಾರಿ ಎಂಬ ಮಾತು ಸುಳ್ಳಲ್ಲ, ಒಪ್ಪೋಣ. ಆದರೆ ದಾರಿ ದೂರವಾದರೆ ಸಾಗಣೆ ಖರ್ಚು ಏರುತ್ತದೆ. ಕೂಲಿಯ ದರವನ್ನೂ ಸಕ್ಕರೆಯ ದರವನ್ನೂ ಒಬ್ಬನೇ ಕೂತು ಬರೆಯಬೇಕೆಂದು ಯಾವ ಸಮುದ್ರ ಅಪ್ಪಣೆ ಕೊಟ್ಟಿತ್ತು?

ಸಣ್ಣ ವ್ಯಾಪಾರಿಗಳೇ, ನೀವೂ ಕೇಳಿ. ಸ್ಟ್ಯಾನ್ಲಿಯಲ್ಲಿ ಬೇರೆ ಅಂಗಡಿಗಳೂ ಇದ್ದವು. ಆದರೆ ಅವುಗಳ ಮಾಲು ಬರಬೇಕಾದದ್ದು ಕಂಪನಿ ಓಡಿಸುವ ಅಥವಾ ಗೊತ್ತುಮಾಡಿದ ಹಡಗಿನಲ್ಲಿ. ಪ್ರತಿಸ್ಪರ್ಧಿಗೇ ಬಾಡಿಗೆ ಕಟ್ಟಿ ಅವನ ಎದುರು ಪೈಪೋಟಿ ಮಾಡಬೇಕು! ಬೇರೆ ಜಮೀನುಗಳ ಉಣ್ಣೆಯನ್ನು ಲಂಡನ್ನಿನಲ್ಲಿ ಮಾರಿಕೊಡುವ ದಲ್ಲಾಳಿಯೂ ಕಂಪನಿಯೇ.

ಈ ರೋಗ ಕುರಿಗಿಂತ ಹಳೆಯದು. ಕಂಪನಿಗೂ ಮೊದಲು ಲೂಯಿಸ್ ವೆರ್ನೆಟ್ ಎಂಬವನು ಅಲ್ಲಿ ದನಗಾಹಿ ಗೌಚೊಗಳಿಗೆ ತನ್ನ ಸಹಿಯ ಕಾಗದದ ಚೀಟಿಗಳನ್ನು ಕೂಲಿಯಾಗಿ ಕೊಡುತ್ತಿದ್ದ. 1833ರಲ್ಲಿ ಬ್ರಿಟಿಷರು ಬಂದ ಮೇಲೆ ಉಗ್ರಾಣದ ವಿಲಿಯಂ ಡಿಕ್ಸನ್ ಆ ಚೀಟಿ ನಡೆಯದು ಎಂದ. ಆಗಸ್ಟ್ 26ರಂದು ಆಂಟೊನಿಯೊ ರಿವೆರೊನ ಗುಂಪು ಐವರನ್ನು ಕೊಂದಿತು; ಡಿಕ್ಸನ್ ಅವರಲ್ಲೊಬ್ಬ. ರಿವೆರೊ ದೇಶಭಕ್ತನೆಂದು ಒಬ್ಬರು, ಕೊಲೆಗಡುಕನೆಂದು ಇನ್ನೊಬ್ಬರು ಇಂದಿಗೂ ಕಚ್ಚಾಡುತ್ತಾರೆ. ಕೊಲೆಯನ್ನು ನಾವು ಹೊಗಳುವವರಲ್ಲ. ಆದರೆ ಜಗಳದ ಬುಡದಲ್ಲಿ ನಡೆಯದ ಚೀಟಿಯಿತ್ತೆಂಬುದನ್ನು ಇಬ್ಬರೂ ಮೆಲ್ಲಗೆ ದಾಟಿ ಹೋಗುತ್ತಾರೆ.

ಫಲವೇನಾಯಿತು? 1931ರಲ್ಲಿ 2,400ಕ್ಕೆ ಸಮೀಪವಿದ್ದ ಜನಸಂಖ್ಯೆ 1980ಕ್ಕೆ 1,800ರಷ್ಟಕ್ಕೆ ಇಳಿಯಿತು. ಕುರಿಗಳು ಮಾತ್ರ ಆರು ಲಕ್ಷ ಮೀರಿದ್ದವು. 1976ರಲ್ಲಿ ಲಾರ್ಡ್ ಶ್ಯಾಕಲ್ಟನ್ ಸರಕಾರಕ್ಕೆ ಒಪ್ಪಿಸಿದ ವರದಿ ನೋಡಿದರೆ, ಹತ್ತಿರ ಹತ್ತಿರ ಅರ್ಧ ನೆಲ ಕಂಪನಿಯದೇ. ದ್ವೀಪದಿಂದ ಬ್ರಿಟನ್ನಿಗೆ ಹೋದ ಹಣ ಅಲ್ಲಿಂದ ಬಂದದ್ದಕ್ಕಿಂತ ಹೆಚ್ಚು. ಹೇಳಿದವನು ಕೆಂಬಾವುಟದವನಲ್ಲ, ಲಾರ್ಡ್ ಎಂಬ ಬಿರುದು ಹೊತ್ತವನು! ದೊಡ್ಡ ಜಮೀನುಗಳನ್ನು ಒಡೆದು ದುಡಿಯುವವರಿಗೆ ಕೊಡಿರೆಂದು ಆತ ಬರೆದ. 1980ರಲ್ಲಿ ಗ್ರೀನ್ ಪ್ಯಾಚ್ ಎಂಬ ಜಮೀನು ಆರು ಪಾಲಾಗಿ ಕುಟುಂಬಗಳ ಕೈಸೇರಿತು. 1991ರಲ್ಲಿ ಕಂಪನಿ ತನ್ನ ಕುರಿ ಜಮೀನುಗಳನ್ನು ದ್ವೀಪದ ಸರಕಾರಕ್ಕೆ ಮಾರಿತು. ಸ್ಟ್ಯಾನ್ಲಿಯ ವೆಸ್ಟ್ ಸ್ಟೋರ್ ಎಂಬ ಅಂಗಡಿಯನ್ನು ಮಾತ್ರ ಮಾರಲಿಲ್ಲ.